ಐಸ್ ಹಿಡಿದ ಮಗ್ಗಿನಲ್ಲಿ ಐಪಿಎ

ಬೆಂಗಳೂರಿನಲ್ಲಿ, ಬಿಯರನ್ನು ತಾನೇ ತಯಾರಿಸಿ ಕೊಡುವ ಯಾವ ಬ್ರೂಪಬ್ಬಿನಲ್ಲಿ ಕೂತರೂ ಒಂದಲ್ಲ ಒಂದು ಸಂಜೆ ಕಣ್ಣಿಗೆ ಬೀಳುವ ನೋಟ. ನಾಲ್ಕು ಜನ ಗೆಳೆಯರು, ಮೇಜಿನ ಮೇಲೆ ಮರದ ಹಲಗೆ, ಅದರ ಗುಳಿಗಳಲ್ಲಿ ಆರು ಪುಟ್ಟ ಗ್ಲಾಸು. ವೀಟ್ ಬಿಯರ್ ಮೊದಲು ಖಾಲಿಯಾಗುತ್ತದೆ, ಕಪ್ಪು ಬಣ್ಣದ ಸ್ಟೌಟ್ ಬಗ್ಗೆ "ಕಾಫಿ ಥರ ಇದೆ" ಎಂಬ ಒಪ್ಪಂದವಾಗುತ್ತದೆ. ಆಮೇಲೆ ಐಪಿಎ ಸರದಿ, ಅಂದರೆ ಹಾಪ್ಸ್ ಎಂಬ ಕಹಿ-ಘಮದ ಹೂವನ್ನು ಧಾರಾಳವಾಗಿ ಹಾಕಿದ ಇಂಡಿಯಾ ಪೇಲ್ ಏಲ್. ಒಬ್ಬ ಗುಟುಕು ಹಾಕಿ ಮುಖ ಕಿವುಚುತ್ತಾನೆ: "ಏನ್ ಗುರೂ ಇದು, ಬೇವಿನ ಕಷಾಯ ಕುಡಿದಂಗಿದೆ." ಮಿಕ್ಕವರು ನಾಲಗೆ ತುದಿಗೆ ತಾಗಿಸಿ ಹೌದೆನ್ನುತ್ತಾರೆ. ಇದನ್ನು ದಿನಕ್ಕೆ ಹತ್ತು ಸಲ ನೋಡಿದ ವೇಟರ್ ಮೆಲ್ಲಗೆ, "ವೀಟ್ ಒಂದು ಪಿಚರ್ ತರಲಾ ಸರ್?" ಅನ್ನುತ್ತಾನೆ. ಐಪಿಎ ಗ್ಲಾಸು ಮೂಲೆಗೆ ಸರಿಯುತ್ತದೆ. ಕಬಾಬ್ ಬರುವಷ್ಟರಲ್ಲಿ ಇಪ್ಪತ್ತು ನಿಮಿಷ. ಮಾತಿನ ಭರದಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡ ಅದೇ ಮಹಾಶಯ ಒಂದು ಗುಟುಕು ಕುಡಿದು ತಡೆಯುತ್ತಾನೆ. "ಇದ್ಯಾವ್ದೋ? ಚೆನ್ನಾಗಿದ್ಯಲ್ಲ."

ಅದೇ ಬಿಯರ್, ಅದೇ ಗ್ಲಾಸು, ಅದೇ ನಾಲಗೆ. ಆ ಇಪ್ಪತ್ತು ನಿಮಿಷದಲ್ಲಿ ಬಿಯರಿನ ಕಹಿ ಒಂದು ಕಣವೂ ಕಡಿಮೆಯಾಗಿರುವುದಿಲ್ಲ. ಏರಿದ್ದು ಬಿಸಿ, ಮೂರೋ ನಾಲ್ಕೋ ಡಿಗ್ರಿಯಲ್ಲಿ ಬಂದದ್ದು ಹತ್ತರ ಹತ್ತಿರ ಬಂದಿರುತ್ತದೆ. ಅಷ್ಟು ಸಾಕು, ತಣ್ಣಗೆ ಮುದುರಿ ಕೂತಿದ್ದ ಘಮ ಮೇಲೇಳುತ್ತದೆ. ಹಾಪ್ಸ್ ಬಿಯರ್ ಬೇಡವೆಂದು ನಮ್ಮೂರಿನವರು ಬದಿಗೆ ಸರಿಸುವುದು ಬಹಳ ಸಲ ಘಮ ಸತ್ತ ಬಿಯರನ್ನು. ಘಮ ಹೋದ ಮೇಲೆ ಉಳಿಯುವುದು ಬರೀ ಕಹಿ, ಅದು ಯಾರಿಗೂ ಬೇಡ.

ಇಲ್ಲದಿದ್ದರೆ ಕಹಿಗೆ ಹೆದರುವ ಜನವೇ ನಾವು? ಹಾಗಲಕಾಯಿ ಗೊಜ್ಜು ಮಾಡುವ ಮನೆಗಳಲ್ಲಿ ಕಹಿಯನ್ನು ಪೂರ್ತಿ ಹಿಂಡಿ ತೆಗೆಯುವುದಿಲ್ಲ. ಹುಣಸೆ, ಬೆಲ್ಲ, ಉಪ್ಪು ಹಾಕಿ ಅದನ್ನು ಒಂದು ಹದಕ್ಕೆ ತರುತ್ತಾರೆ. ಬೆಲ್ಲ ಕಮ್ಮಿಯಾದರೆ ಬಾಯಿಗಿಡಲಾಗದು, ಹೆಚ್ಚಾದರೆ ಹಾಗಲಕಾಯಿ ಯಾಕೆ ಹಾಕಬೇಕಿತ್ತು ಅನಿಸುತ್ತದೆ. ಐಪಿಎ ಮಾಡುವವರ ಲೆಕ್ಕವೂ ಇದೇ, ಬೆಲ್ಲದ ಜಾಗದಲ್ಲಿ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಿಹಿ.

ಒಂದು ಕಿಲೋ ಕಹಿ, ಎಂಟು ಕಿಲೋ ಘಮ

ಹಾಪ್ಸ್ ಎಂದರೆ ಒಂದು ಬಳ್ಳಿಯ ಹೆಣ್ಣು ಹೂಗೊಂಚಲು. ಎಸಳು ಬಿಡಿಸಿದರೆ ಬುಡದಲ್ಲಿ ಹಳದಿ ಪುಡಿ ಕಾಣುತ್ತದೆ, ಅದು ಲುಪುಲಿನ್. ಕಹಿಗೆ ಬೇಕಾದ ಆಲ್ಫಾ ಆಮ್ಲ, ಘಮದ ಎಣ್ಣೆ ಎರಡೂ ಆ ಪುಡಿಯಲ್ಲೇ ಇವೆ. ತಾಪತ್ರಯ ಏನೆಂದರೆ ಎರಡಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ. ಆಲ್ಫಾ ಆಮ್ಲ ಕುದಿಸದೆ ಕಹಿ ಕೊಡುವುದಿಲ್ಲ, ಎಣ್ಣೆ ಕುದಿಸಿದರೆ ಹಬೆಯ ಜೊತೆ ಹಾರಿಹೋಗುತ್ತದೆ. ಹಾಗಾಗಿ ಒಂದೇ ಬಿಯರಿಗೆ ಹಾಪ್ಸನ್ನು ಮೂರು ನಾಲ್ಕು ಸಲ, ಬೇರೆ ಬೇರೆ ಹೊತ್ತಿನಲ್ಲಿ ಹಾಕಬೇಕು.

ಸಾವಿರ ಲೀಟರಿನ ಒಂದು ಪಾಕ ಇಟ್ಟುಕೊಂಡು ಲೆಕ್ಕ ಹಾಕೋಣ. ಶೇ. 12 ಆಲ್ಫಾ ಆಮ್ಲ ಇರುವ ಹಾಪ್ಸ್ ಒಂದು ಕಿಲೋ ತಗೊಂಡರೆ ಅದರಲ್ಲಿ ಆಮ್ಲ 120 ಗ್ರಾಂ. ವರ್ಟ್ (ಮಾಲ್ಟಿನಿಂದ ತೆಗೆದ ಸಿಹಿ ರಸ) ಕುದಿಯಲು ಶುರುವಾದಾಗ ಹಾಕಿ ಒಂದು ಗಂಟೆ ಬೇಯಿಸಿದರೆ ಕಾಲು ಭಾಗದಷ್ಟು ರೂಪ ಬದಲಿಸಿ ಬಿಯರಿನಲ್ಲಿ ಕರಗಿ ಉಳಿಯುತ್ತದೆ, ಅಂದರೆ 30 ಗ್ರಾಂ. ಸಾವಿರ ಲೀಟರಿಗೆ ಹಂಚಿದರೆ ಲೀಟರಿಗೆ 30 ಮಿಲಿಗ್ರಾಂ. ಮೆನುವಿನಲ್ಲಿ ಕಹಿಯ ಅಳತೆಯಾಗಿ 'ಐಬಿಯು 30' ಅಂತ ಬರೆದಿರುತ್ತಾರಲ್ಲ, ಸರಿಸುಮಾರು ಅದೇ ಇದು. (ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕಡಲತೀರದ ಊರಿನ ಲೆಕ್ಕವನ್ನು ಹಾಗೇ ಇಟ್ಟುಕೊಂಡರೆ ಇಲ್ಲಿ ಕಹಿ ಸ್ವಲ್ಪ ಕಮ್ಮಿ ಇಳಿಯುತ್ತದೆ. ಹಾಪ್ಸ್ ಒಂದಿಷ್ಟು ಹೆಚ್ಚಿಸಬೇಕು, ಇಲ್ಲವೇ ಇನ್ನೊಂದಿಷ್ಟು ಹೊತ್ತು ಕುದಿಸಬೇಕು.)

ಕಹಿಯ ಖರ್ಚು ಅಲ್ಲಿಗೆ ಬಹುಪಾಲು ಮುಗಿಯಿತು. ಇನ್ನು ಘಮ. ಕುದಿ ನಿಲ್ಲಿಸಿ ವರ್ಟ್ 80 ಡಿಗ್ರಿ ಆಸುಪಾಸಿಗೆ ಇಳಿದ ಮೇಲೆ, ಅದನ್ನು ಸುಳಿಯಂತೆ ತಿರುಗಿಸುತ್ತಾ ಎರಡು ಮೂರು ಕಿಲೋ ಹಾಕಿ ಇಪ್ಪತ್ತು ಮೂವತ್ತು ನಿಮಿಷ ಬಿಡುತ್ತಾರೆ. ಆಮೇಲೆ ಸಕ್ಕರೆಯನ್ನು ಮದ್ಯಸಾರ ಮಾಡುವ ಹುದುಗು (ಯೀಸ್ಟ್) ತನ್ನ ಕೆಲಸ ಮುಗಿಸಿದ ನಂತರ ತಣ್ಣನೆಯ ಟ್ಯಾಂಕಿಗೇ ಲೀಟರಿಗೆ ಆರರಿಂದ ಎಂಟು ಗ್ರಾಂ, ಅಂದರೆ ಆರೇಳೆಂಟು ಕಿಲೋ, ಕುದಿಸದೆ ನೇರ ಸುರಿಯುತ್ತಾರೆ. ಇದೇ ಡ್ರೈ ಹಾಪಿಂಗ್. ಒಟ್ಟು ಹಾಪ್ಸಿನಲ್ಲಿ ಕಹಿಗೆಂದು ಹೋದದ್ದು ಒಂದೇ ಕಿಲೋ, ಮಿಕ್ಕಿದ್ದೆಲ್ಲ ಮೂಗಿಗೆ. ಇಷ್ಟು ಕಾಸು ಮೂಗಿಗೆ ಸುರಿದ ಪದಾರ್ಥವನ್ನು ನಾವು ಮೂಗು ಕಟ್ಟುವಷ್ಟು ತಣ್ಣಗೆ ಮಾಡಿ ಕುಡಿದು ಕಹಿ ಅನ್ನುತ್ತೇವೆ.

ಆ ಎಣ್ಣೆಗಳಲ್ಲಿ ಏನಿದೆ ಅಂತ ನೋಡಿದರೆ ಅಪರಿಚಿತವಾದದ್ದು ಕಡಿಮೆ. ಲಿನಲೂಲ್ ನಮ್ಮ ಕೊತ್ತಂಬರಿ ಬೀಜದ ಮುಖ್ಯ ಘಮ. ಕ್ಯಾರಿಯೋಫಿಲೀನ್ ಕಾಳುಮೆಣಸು, ಲವಂಗದಲ್ಲಿದೆ. ಜೆರಾನಿಯೋಲ್ ಗುಲಾಬಿಯಲ್ಲಿದೆ, ಮಿರ್ಸೀನ್ ಮಾವಿನಲ್ಲೂ ಸಿಗುತ್ತದೆ. ಕ್ಯಾಸ್ಕೇಡ್ ಎಂಬ ಅಮೆರಿಕದ ತಳಿಯನ್ನು ಪುಸ್ತಕಗಳು ಗ್ರೇಪ್‌ಫ್ರೂಟ್ ಎಂದು ವರ್ಣಿಸುತ್ತವೆ. ನಮಗೆ ದೇವನಹಳ್ಳಿ ಚಕ್ಕೋತ ಗೊತ್ತಿದ್ದರೆ ಸಾಕು. ಚಕ್ಕೋತದ ದಪ್ಪ ಸಿಪ್ಪೆಯನ್ನು ಉಗುರಿನಿಂದ ಒತ್ತಿದಾಗ ಸಿಡಿಯುವ ತುಂತುರು ಇದೆಯಲ್ಲ, ಅದು. ಸಿಟ್ರಾ, ಮೊಸಾಯಿಕ್ ತಳಿಗಳಲ್ಲಿ ಕಳಿತ ಮಾವು, ಸೀಬೆ. ಕೆಲವು ತಳಿಗಳಲ್ಲಿ ಪೈನ್ ಮರದ ಅಂಟು, ನಮ್ಮ ಮೂಗಿಗೆ ಧೂಪದ ನೆನಪು. ವೇಟರ್ "ಸಿಟ್ರಸಿ ಸರ್" ಎಂದು ಮುಗಿಸಿಬಿಡುವ ಜಾಗದಲ್ಲಿ ಇಷ್ಟೆಲ್ಲ ಇದೆ.

ಹೆಸರಿನಲ್ಲಿರುವ ಇಂಡಿಯಾ

ಇಂಡಿಯಾ ಪೇಲ್ ಏಲ್ ಎಂಬ ಹೆಸರಿನ ಕತೆಯನ್ನು ಪ್ರತಿ ಬಾರಿನಲ್ಲೂ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ಹಡಗಿನಲ್ಲಿ ಬಿಯರ್ ಕೆಡುತ್ತಿತ್ತು, ಒಬ್ಬ ಬ್ರಿಟಿಷ್ ಬುದ್ಧಿವಂತ ಹಾಪ್ಸ್ ಜಾಸ್ತಿ ಹಾಕಿ ಹೊಸ ಬಿಯರ್ ಕಂಡುಹಿಡಿದ ಅಂತ. ಅರ್ಧ ನಿಜ. ಹಾಪ್ಸ್ ಬಿಯರನ್ನು ಕೆಡದಂತೆ ಕಾಯುತ್ತದೆ ಎಂಬುದು ಇಂಗ್ಲೆಂಡಿನಲ್ಲಿ ಮೊದಲೇ ಗೊತ್ತಿದ್ದ ವಿಷಯ. 18ನೇ ಶತಮಾನದ ಕೊನೆಗೆ ಲಂಡನ್ನಿನ ಬೋ ಬ್ರೂವರಿಯ ಹಾಡ್ಜ್‌ಸನ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಿಗೆ ಮಾರಿದ್ದು ಅಲ್ಲಿನವರು ಇಟ್ಟು ಹಳತು ಮಾಡಿ ಕುಡಿಯುತ್ತಿದ್ದ ಬಿಯರನ್ನೇ. ಪೋರ್ಟರ್ ಎಂಬ ಕಪ್ಪು ಬಿಯರ್ ಕೂಡ ಅದೇ ಹಡಗುಗಳಲ್ಲಿ ಸುಖವಾಗಿ ಬಂದಿಳಿಯುತ್ತಿತ್ತು. 1820ರ ದಶಕದಲ್ಲಿ ಇಂಗ್ಲೆಂಡಿನ ಬರ್ಟನ್ ಊರಿನವರು ಈ ವ್ಯಾಪಾರಕ್ಕೆ ಕೈಹಾಕಿದರು. ಅಲ್ಲಿನ ಬಾವಿ ನೀರಿನಲ್ಲಿ ಜಿಪ್ಸಮ್ (ಕ್ಯಾಲ್ಸಿಯಂ ಸಲ್ಫೇಟ್) ಜಾಸ್ತಿ, ಕಹಿ ಚುರುಕಾಗಿ ಬರುತ್ತಿತ್ತು, ಗೆದ್ದರು.

ಇವತ್ತು ನಾವು ಕುಡಿಯುವ ಐಪಿಎಗೆ ಆ ಹಡಗಿಗಿಂತ ಹತ್ತಿರದ ನೆಂಟಸ್ತಿಕೆ ಅಮೆರಿಕದ್ದು. 1972ರಲ್ಲಿ ಕ್ಯಾಸ್ಕೇಡ್ ತಳಿ ಹೊರಬಂತು, 1980ರಲ್ಲಿ ಸಿಯೆರಾ ನೆವಾಡಾ ಬ್ರೂವರಿಯ ಪೇಲ್ ಏಲ್ ಅದರ ಚಕ್ಕೋತದ ಘಮವನ್ನು ಜನಕ್ಕೆ ರೂಢಿ ಮಾಡಿಸಿತು. ಬೆಂಗಳೂರಿಗೆ ಬಂದ ದಾರಿಯೂ ಅದೇ. ಮ್ಯಾಗ್ರಾತ್ ರಸ್ತೆಯ ಆರ್ಬರ್ ಬ್ರೂಪಬ್ 2012ರಲ್ಲಿ ಹೊತ್ತು ತಂದದ್ದು ಮಿಶಿಗನ್ನಿನ ಆನ್ ಆರ್ಬರ್ ಊರಿನ ಬ್ರೂವರಿಯೊಂದರ ಹೆಸರನ್ನು.

ಹಾಪ್ಸ್ ಮಾತ್ರ ಈಗಲೂ ಹೊರಗಿನಿಂದಲೇ ಬರಬೇಕು. ಆ ಬಳ್ಳಿ ಹೂ ಬಿಡಲು ಬೇಸಿಗೆಯಲ್ಲಿ ಉದ್ದನೆಯ ಹಗಲು, ಚಳಿಗಾಲದಲ್ಲಿ ಗಾಢ ನಿದ್ದೆ ಬೇಕು. 35 ಡಿಗ್ರಿ ಅಕ್ಷಾಂಶದಿಂದ ಆಚೆಗಿನ ನಾಡುಗಳು ಅದರ ಮನೆ, ನಾವಿರುವುದು 13ರಲ್ಲಿ. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆಯುತ್ತಾರೆ, ಕೊಡಗಿನಲ್ಲಿ ಆಗುವ ಮಾತಲ್ಲ. ಹೂವನ್ನು ಒಣಗಿಸಿ, ಪುಡಿ ಮಾಡಿ, ಕೋಳಿ ಆಹಾರದಂಥ ಹಸಿರು ಗುಳಿಗೆ ಒತ್ತಿ, ಗಾಳಿ ತೆಗೆದ ಫಾಯಿಲ್ ಚೀಲದಲ್ಲಿ ಕಳಿಸುತ್ತಾರೆ. ಚೀಲ ಒಡೆದ ಮೇಲೆ ಮಿಕ್ಕಿದ್ದನ್ನು ಮತ್ತೆ ಸೀಲ್ ಮಾಡಿ ಫ್ರೀಜರಿನಲ್ಲಿಡಬೇಕು. ಅಡುಗೆಮನೆಯ ಸಾಮಾನು ಕೋಣೆಯಲ್ಲಿ ರಬ್ಬರ್ ಬ್ಯಾಂಡ್ ಹಾಕಿಟ್ಟರೆ ಕೆಲವು ವಾರಕ್ಕೆ ಹಳೇ ಚೀಸಿನ, ಬೆವರು ಹಿಡಿದ ಕಾಲುಚೀಲದ ವಾಸನೆ. ಆ ವಾಸನೆ ಗ್ಲಾಸಿನಲ್ಲಿ ಬಂದರೆ ಬ್ರೂವರ್ ಕೈಚಳಕದಲ್ಲಿ ತಪ್ಪು ಹುಡುಕಬೇಕಿಲ್ಲ, ಫ್ರಿಜ್ಜಿನಲ್ಲಿ ಹುಡುಕಿದರೆ ಸಾಕು.

ನೀರಿನ ವಿಷಯ ಒಂದೇ ಮಾತು. ಊರಿನ ಬೋರ್‌ವೆಲ್ ನೀರನ್ನು ನಂಬಿ ಐಪಿಎ ಮಾಡಲಾಗದು. ಆರ್‌ಓ ಮಾಡಿ ಎಲ್ಲ ತೆಗೆದು, ಬೇಕಾದ್ದನ್ನು ಮಾತ್ರ ವಾಪಸ್ ಹಾಕುತ್ತಾರೆ. ಸಾವಿರ ಲೀಟರಿಗೆ 300 ಗ್ರಾಂ ಜಿಪ್ಸಮ್ ಹಾಕಿದರೆ ಲೀಟರಿಗೆ ಸುಮಾರು 165 ಮಿಲಿಗ್ರಾಂ ಸಲ್ಫೇಟ್. ತಿಳಿಯಾದ, ಕಹಿ ಚುರುಕಾದ ವೆಸ್ಟ್ ಕೋಸ್ಟ್ ಐಪಿಎಗೆ ಇದು ಸರಿ. ಮೋಡದಂತೆ ಮಬ್ಬಾದ, ರಸದಂಥ ಹೇಜಿ ಐಪಿಎ ಬೇಕಿದ್ದರೆ ಜಿಪ್ಸಮ್ ಇಳಿಸಿ ಕ್ಯಾಲ್ಸಿಯಂ ಕ್ಲೋರೈಡ್ ಏರಿಸಬೇಕು.

ಯಾವಾಗ ಟ್ಯಾಪ್ ಮಾಡಿದ್ದು?

ಕಾಫಿಪುಡಿ ಅಂಗಡಿಯಲ್ಲಿ ಹುರಿದು ಪುಡಿ ಮಾಡಿಸಿಕೊಳ್ಳುವವರು ಒಂದು ಸಲಕ್ಕೆ ಕಾಲು ಕಿಲೋ ಮಾತ್ರ ತರುತ್ತಾರೆ. ಎರಡು ಕಿಲೋ ತಂದಿಟ್ಟರೆ ದುಡ್ಡು ಉಳಿಯಬಹುದು, ತಿಂಗಳ ಕೊನೆಗೆ ಡಿಕಾಕ್ಷನ್ನಿನಲ್ಲಿ ಬಣ್ಣ ಮತ್ತು ಕಹಿ ಬಿಟ್ಟು ಬೇರೇನೂ ಇರುವುದಿಲ್ಲ ಎಂಬುದು ನಮಗೆ ಚೆನ್ನಾಗಿ ಗೊತ್ತು. ಹಾಪ್ಸ್ ಬಿಯರ್ ಇದೇ ಜಾತಿ. ಘಮದ ಆಯಸ್ಸು ವಾರಗಳ ಲೆಕ್ಕದ್ದು, ಕಹಿಯದು ತಿಂಗಳುಗಳದು. ಘಮ ಮೊದಲು ಹೋಗುತ್ತದೆ, ಮಾಲ್ಟಿನ ಸಿಹಿ ಜಿಗುಟಾಗುತ್ತದೆ, ಕೊನೆಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಇದಕ್ಕೆಲ್ಲ ಮುಖ್ಯ ಕಾರಣ ಆಮ್ಲಜನಕ. ಹೇಜಿ ಐಪಿಎ ಇದನ್ನು ಮುಚ್ಚಿಡುವುದೂ ಇಲ್ಲ, ಕಿತ್ತಳೆ-ಹಳದಿ ಬಣ್ಣ ಕತ್ತರಿಸಿಟ್ಟ ಸೇಬಿನ ಹಾಗೆ ಕಂದಿ ಬೂದಿಯಾಗುತ್ತದೆ. ಅಂಥ ಬಣ್ಣ ಕಂಡರೆ ರುಚಿ ನೋಡುವ ಶ್ರಮವೂ ಬೇಡ.

ಬಡಾವಣೆಯ ಪುಟ್ಟ ಬ್ರೂಪಬ್ಬಿಗೆ ದೊಡ್ಡ ಬ್ರಾಂಡಿನ ಬಾಟಲಿಗಿಂತ ಮೇಲುಗೈ ಸಿಗುವುದು ಇಲ್ಲೇ. ಟ್ಯಾಂಕಿನಿಂದ ಟ್ಯಾಪಿಗೆ ಇರುವ ದೂರ ಹತ್ತಿಪ್ಪತ್ತು ಅಡಿ. ಬಾಟಲಿ ತುಂಬುವಾಗ ಒಳಸೇರುವ ಗಾಳಿ, ಗೋದಾಮು, ಬಿಸಿಲಲ್ಲಿ ನಿಂತ ಲಾರಿ ಯಾವುದೂ ಇಲ್ಲ. ಆದರೆ ಆ ಮೇಲುಗೈ ಉಳಿಯುವುದು ಬಿಯರ್ ಖರ್ಚಾಗುತ್ತಿದ್ದರೆ ಮಾತ್ರ. ವೀಟ್ ಬಿಯರಿನ ಟ್ಯಾಂಕು ವಾರದಲ್ಲಿ ಖಾಲಿಯಾಗುವ ಕಡೆ ಐಪಿಎ ಎರಡು ತಿಂಗಳು ಕೂತಿರಬಹುದು. ಆದ್ದರಿಂದ "ಯಾವುದು ಚೆನ್ನಾಗಿದೆ?" ಎಂದು ಕೇಳುವುದು ದಂಡ, ಎಲ್ಲವೂ ಚೆನ್ನಾಗಿದೆ ಅನ್ನುವುದು ಅವರ ಉದ್ಯೋಗ. "ಐಪಿಎ ಯಾವಾಗ ಟ್ಯಾಪ್ ಮಾಡಿದ್ದು?" ಎಂದು, ಅಂದರೆ ಟ್ಯಾಂಕಿನಿಂದ ಟ್ಯಾಪಿಗೆ ಬಿಟ್ಟದ್ದು ಯಾವಾಗ ಎಂದು ಕೇಳಬೇಕು. ಉತ್ತರ ಗೊತ್ತಿರುವ ಬಾರು ಒಳ್ಳೆಯ ಬಾರು. ಗೊತ್ತಿಲ್ಲದಿದ್ದರೂ ಒಳಗೆ ಹೋಗಿ ಕೇಳಿಕೊಂಡು ಬರುವ ಹುಡುಗ ಇದ್ದರೆ ಅದೂ ಒಳ್ಳೆಯದೇ. ಮೂರು ವಾರದೊಳಗಿನದಾದರೆ ಕಣ್ಣುಮುಚ್ಚಿ ತರಿಸಿಕೊಳ್ಳಬಹುದು.

ತೀರಾ ಹೊಸದೂ ತೊಂದರೆಯೇ, ಇದನ್ನು ಹೇಳುವವರು ಕಮ್ಮಿ. ಡ್ರೈ ಹಾಪಿಂಗ್ ಆದ ಕೂಡಲೇ ಸುರಿದರೆ ಹಸಿರು ಕಣಗಳು ಇನ್ನೂ ತೇಲುತ್ತಿರುತ್ತವೆ, ಗಂಟಲಲ್ಲಿ ಕೆಸುವಿನೆಲೆ ತಿಂದಂಥ ತುರಿಕೆ. ಇನ್ನೊಂದು ಇದಕ್ಕಿಂತ ಕಳ್ಳ ಸ್ವಭಾವದ್ದು. ಹಾಪ್ಸಿನಲ್ಲೇ ಒಂದಿಷ್ಟು ಕಿಣ್ವಗಳಿವೆ. ಹುದುಗು ಮುಟ್ಟಲಾಗದೆ ಬಿಟ್ಟ ದೊಡ್ಡ ಸಕ್ಕರೆಗಳನ್ನು ಅವು ತುಂಡರಿಸುತ್ತವೆ, ಮಲಗಿದ್ದ ಹುದುಗು ಎದ್ದು ಮತ್ತೆ ಉಣ್ಣಲು ಕೂರುತ್ತದೆ. ಉಂಡದ್ದರ ಗುರುತಾಗಿ ಡೈಅಸಿಟೈಲ್ ಬಿಡುತ್ತದೆ, ಅದು ಬೆಣ್ಣೆಯ, ಸಿನಿಮಾ ಥಿಯೇಟರ್ ಪಾಪ್‌ಕಾರ್ನಿನ ವಾಸನೆ. ಕಾಯ್ದರೆ ಹುದುಗೇ ಅದನ್ನು ಹಿಂದಕ್ಕೆ ನುಂಗುತ್ತದೆ, ಆತುರಪಟ್ಟು ತಣ್ಣಗೆ ಮಾಡಿದರೆ ಅಲ್ಲೇ ಉಳಿಯುತ್ತದೆ. ತಿಳಿದ ಬ್ರೂವರ್ ಟ್ಯಾಂಕು ತಣಿಸುವ ಮುಂಚೆ ಒಂದು ಲೋಟ ಬಿಯರನ್ನು ಮುಚ್ಚಿ 60 ಡಿಗ್ರಿ ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟು, ಆರಿಸಿ, ಮೂಸಿ ನೋಡುತ್ತಾನೆ. ಬೆಣ್ಣೆ ಬಂದರೆ ಇನ್ನೆರಡು ದಿನ ಕಾಯುವುದು. ಐಪಿಎ ಕುಡಿದವರು "ಏನೋ ಜಿಡ್ಡು" ಅನ್ನುತ್ತಿದ್ದರೆ ಎಲ್ಲೋ ಈ ಎರಡು ದಿನ ಉಳಿಸಿದ್ದಾರೆಂದು ಅರ್ಥ.

ಬಿಯರಿನಲ್ಲಿ ತಪ್ಪಿಲ್ಲದೆ ಪೈಪಿನಲ್ಲಿ ತಪ್ಪಿರುವುದೂ ಉಂಟು. ಪೈಪನ್ನು ಹದಿನೈದು ದಿನಕ್ಕೊಮ್ಮೆ ಶೇ. 2ರ ಕಾಸ್ಟಿಕ್ ದ್ರಾವಣ ಹರಿಸಿ ತೊಳೆಯಬೇಕು, ಟ್ಯಾಪಿನ ಮೂತಿ ಬಿಚ್ಚಿ ಉಜ್ಜಬೇಕು. ಇಲ್ಲದಿದ್ದರೆ ಒಳಗೆ ಲೋಳೆ ಕಟ್ಟಿ ಹುಳಿಯೂ ಬೆಣ್ಣೆವಾಸನೆಯೂ ಹುಟ್ಟುತ್ತವೆ. ದಿನದ ಮೊದಲ ಗ್ಲಾಸು ಮಾತ್ರ ಹುಳಿ ಹುಳಿ, ಎರಡನೆಯದು ಸರಿ ಇದ್ದರೆ ಕೊಳೆ ಇರುವುದು ಮೂತಿಯಲ್ಲಿ ಅಥವಾ ಪೈಪಿನಲ್ಲಿ.

ಗ್ಲಾಸು

ನಮ್ಮಲ್ಲಿ 'ಚಿಲ್ಡ್' ಎನ್ನುವುದು ಮರ್ಯಾದೆಯ ಪ್ರಶ್ನೆ. ಗಿರಾಕಿಯ ಮೇಲಿನ ಪ್ರೀತಿಯಿಂದಲೇ ಫ್ರೀಜರಿನಲ್ಲಿ ಬಿಳಿ ಹಿಡಿದ ಮಗ್ ತೆಗೆದು ಅದಕ್ಕೆ ಸುರಿಯುತ್ತಾರೆ. ಲಾಗರಿಗೆ, ಅಂದರೆ ಮಾಮೂಲಿ ಬಾಟಲಿ ಬಿಯರಿಗೆ, ಅಷ್ಟೇನೂ ಅನ್ಯಾಯವಿಲ್ಲ. ಐಪಿಎಗೆ ಮೂರು ರೀತಿಯ ಪೆಟ್ಟು: ಘಮ ಮುದುರುತ್ತದೆ, ಐಸಿನ ಹರಳು ತಾಗಿದ ಕಡೆಯೆಲ್ಲ ಗ್ಯಾಸು ಎದ್ದು ಅರ್ಧ ಮಗ್ ನೊರೆಯಾಗುತ್ತದೆ, ಆ ಐಸ್ ಕರಗಿ ಬಿಯರಿಗೆ ನೀರು ಸೇರುತ್ತದೆ, ಫ್ರೀಜರಿನಲ್ಲಿ ಪಕ್ಕದಲ್ಲಿದ್ದ ಮೀನಿನ ವಾಸನೆಯೂ ಸೇರಿದರೆ ಹೇಳುವುದೇ ಬೇಡ. "ಐಸ್ ಇಲ್ಲದ ಗ್ಲಾಸ್ ಕೊಡಿ" ಎಂದರೆ ಒಂದು ಕ್ಷಣ ವಿಚಿತ್ರವಾಗಿ ನೋಡುತ್ತಾರೆ, ಆಮೇಲೆ ಕೊಡುತ್ತಾರೆ. ಐಪಿಎಗೆ 7ರಿಂದ 10 ಡಿಗ್ರಿ ಸಾಕು. ತಣ್ಣಗೇ ಬಂದರೆ ಎರಡೂ ಅಂಗೈಯಲ್ಲಿ ಗ್ಲಾಸು ಹಿಡಿದು ಕೂರುವುದು, ಚಳಿಯಲ್ಲಿ ಕಾಫಿ ಲೋಟ ಹಿಡಿದ ಹಾಗೆ.

ಗ್ಲಾಸು ಶುಚಿಯಾಗಿದೆಯೇ ಎಂದು ತಿಳಿಯಲು ಕಣ್ಣು ಸಾಲದು. ಪಾತ್ರೆ ಸೋಪಿನ ಪಸೆ, ಹಾಲಿನ ಜಿಡ್ಡು, ಒರೆಸುವ ಬಟ್ಟೆಯ ಎಣ್ಣೆ ಯಾವುದೂ ಕಾಣುವುದಿಲ್ಲ. ಬಿಯರ್ ಹೇಳಿಕೊಡುತ್ತದೆ. ಒಳಗೋಡೆಗೆ ಗುಳ್ಳೆಗಳು ಗುಂಪುಗುಂಪಾಗಿ ಅಂಟಿ ನಿಂತಿದ್ದರೆ ಅಲ್ಲಿ ಜಿಡ್ಡಿದೆ. ಶುದ್ಧ ಗ್ಲಾಸಿನಲ್ಲಿ ಗೋಡೆ ಖಾಲಿ, ನೊರೆ ಎರಡು ಬೆರಳಷ್ಟು ನಿಂತು ಪ್ರತಿ ಗುಟುಕಿಗೂ ಒಂದೊಂದು ಬಿಳಿ ಬಳೆಯ ಗುರುತು ಬಿಟ್ಟು ಇಳಿಯುತ್ತದೆ. ಬಾರಿನವರು ಒದ್ದೆ ಗ್ಲಾಸಿಗೆ ಪುಡಿ ಉಪ್ಪು ಉದುರಿಸಿ ನೋಡಬಹುದು. ಎಲ್ಲ ಕಡೆ ಸಮನಾಗಿ ಅಂಟಿದರೆ ಶುಚಿ, ಬೋಳು ತೇಪೆ ಬಿಟ್ಟ ಕಡೆ ಜಿಡ್ಡು. ನೊರೆಯನ್ನು ಮೋಸ ಎಂದು ಜಗಳ ಮಾಡುವವರಿದ್ದಾರೆ, ಅರ್ಧ ಮಗ್ ನೊರೆ ಕೊಟ್ಟರೆ ಜಗಳ ನ್ಯಾಯವೇ. ಆದರೆ ಗ್ಲಾಸನ್ನು ಓರೆ ಹಿಡಿದು, ಮುಕ್ಕಾಲು ತುಂಬಿದ ಮೇಲೆ ನೆಟ್ಟಗೆ ಮಾಡಿ ಎಬ್ಬಿಸಿದ ಆ ಎರಡು ಬೆರಳು ನೊರೆ ಇಲ್ಲದಿದ್ದರೆ ಘಮ ಮೂಗಿಗೆ ತಲುಪುವುದೇ ಇಲ್ಲ. ಅಂಚಿನವರೆಗೆ ತುಂಬಿಸಿಕೊಂಡ ಗ್ಲಾಸಿನಲ್ಲಿ ಮೂಗಿಗೆ ಜಾಗ ಎಲ್ಲಿ?

ಇನ್ನೊಂದು, ಮಹಡಿಯ ಮೇಲಿನ ಬಾರುಗಳಿಗೆ. ಮಧ್ಯಾಹ್ನ ಒಂದು ಗಂಟೆಗೆ ಬಿಸಿಲು ಬೀಳುವ ಮೇಜಿನಲ್ಲಿ ಐಪಿಎ ಇಟ್ಟುಕೊಂಡು ಕೂರಬೇಡಿ. ಹಾಪ್ಸಿನ ಕಹಿ ಪದಾರ್ಥಕ್ಕೆ ಬೆಳಕು ತಾಗಿದರೆ ಅದು ಒಡೆದು ಗಂಧಕದ ಒಂದು ಕೆಟ್ಟ ನಾತ ಹುಟ್ಟುತ್ತದೆ. ಬಾಟಲಿಗಳು ಕಂದು ಬಣ್ಣದಲ್ಲಿರುವುದು ಇದಕ್ಕೇ. ಪಾರದರ್ಶಕ ಗ್ಲಾಸಿಗೆ ಅಂಥ ರಕ್ಷಣೆ ಇಲ್ಲ, ಕೆಲವೇ ನಿಮಿಷ ಸಾಕು. ಒಳಗಿನ ಮಬ್ಬು ಬೆಳಕಿನ ಮೂಲೆ, ಕೌಂಟರಿನ ಪಕ್ಕದ ಎತ್ತರದ ಸ್ಟೂಲು ಹಾಪ್ಸಿಗೆ ಸರಿಯಾದ ಜಾಗ. ಸುರಿಯುವವನು ಹತ್ತಿರ ಇರುತ್ತಾನೆ, ಪ್ರಶ್ನೆ ಕೇಳಬಹುದು.

ಜೊತೆಗೆ ಏನು

ಖಾರಕ್ಕೆ ಐಪಿಎ ಜೋಡಿ ಎಂದು ಎಲ್ಲ ಮೆನುಗಳೂ ಬರೆಯುತ್ತವೆ. ಪೂರ್ತಿ ಒಪ್ಪುವಂಥದ್ದಲ್ಲ. ಮದ್ಯಸಾರ, ಗ್ಯಾಸು, ಕಹಿ ಮೂರೂ ಮೆಣಸಿನ ಉರಿಯನ್ನು ಏರಿಸುತ್ತವೆ. ಆಂಧ್ರ ಶೈಲಿಯ ಚಿಲ್ಲಿ ಚಿಕನ್ ಜೊತೆ ಶೇ. 7ರ ಐಪಿಎ ಕುಡಿದರೆ ಉಳಿಯುವುದು ಉರಿ ಮಾತ್ರ, ಆ ದಿನಕ್ಕೆ ವೀಟ್ ಬಿಯರೇ ಸರಿ. ಐಪಿಎಗೆ ಬೇಕಾದದ್ದು ಉಪ್ಪು ಮತ್ತು ಕೊಬ್ಬು. ಉಪ್ಪು ನಾಲಗೆಯ ಮೇಲೆ ಕಹಿಯನ್ನು ತಗ್ಗಿಸುತ್ತದೆ. ಹಾಗಲಕಾಯಿಗೆ ಉಪ್ಪು ಸವರುವ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಮೊದಲ ಸಲ ಕುಡಿಯುವವರ ಮುಂದೆ ಒಂದು ತಟ್ಟೆ ಕಾಂಗ್ರೆಸ್ ಕಡಲೆಬೀಜ ಇಡಿ. ಹುರಿದು ಇಬ್ಭಾಗವಾದ ಬೀಜ, ಉಪ್ಪು, ಅರಿಶಿನ, ಇಂಗು, ಒಂದೆರಡು ಗರಿಗರಿ ಕರಿಬೇವಿನೆಲೆ. ನಾಲ್ಕು ಕಾಳು ಅಗಿದು, ಬೀಜದ ಎಣ್ಣೆ ಬಾಯಲ್ಲಿ ಹರಡಿದ ಮೇಲೆ ಗ್ಲಾಸೆತ್ತಿ ಮೊದಲು ಮೂಸಿ, ಆಮೇಲೆ ಗುಟುಕು. ಹಲಗೆಯ ಮೇಲೆ ಆರು ಗ್ಲಾಸು ಒಟ್ಟಿಗೆ ಬಂದಿದ್ದರೆ ಐಪಿಎಯನ್ನು ಕೊನೆಗೆ ಇಟ್ಟುಕೊಳ್ಳಿ. ಕಬಾಬ್ ಬರುವವರೆಗೆ ಅದು ಹಾಗೇ ಮೂಲೆಯಲ್ಲಿ ಕೂತಿರಲಿ.